ತಟ್ಟಿಯ ಹಿಂದೆ ಏನಿದೆ?

ಮೈಸೂರಿನವರಿಗೆ ಕಸ ಅಂದರೆ ಮರ್ಯಾದೆಯ ವಿಷಯ. 2015 ಮತ್ತು 2016ರಲ್ಲಿ ಸಾಲಾಗಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಬಂದ ಮೇಲಂತೂ ಬೆಂಗಳೂರಿನ ನೆಂಟರ ಮುಂದೆ ನಾವು ಕಸದ ಬಗ್ಗೆ ಮಾತಾಡುವ ಗತ್ತೇ ಬೇರೆ. ಆ ಗತ್ತಿಗೆ ಕುಂದು ತರುತ್ತಿದ್ದದ್ದು ಕುವೆಂಪುನಗರದ ನಮ್ಮ ಮನೆ ಗೇಟಿನ ಪಕ್ಕ ನಿಂತ ಮೂರು ಡಬ್ಬಗಳು. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ. ಮೂರನೆಯದು ಹಳೇ ಸೆಲ್ಲು, ಅವಧಿ ಮುಗಿದ ಮಾತ್ರೆ ಇಂಥವಕ್ಕೆ; 2016ರ ನಿಯಮದಲ್ಲೇ ಹಾಗಿತ್ತು ಎಂದು ನಮ್ಮ ಮಾವ ಬೇರೆ ತಂದಿಟ್ಟಿದ್ದಾರೆ. (ಮಾತ್ರೆಗಳೆಲ್ಲ ಅವರವೇ.)

ವರಮಹಾಲಕ್ಷ್ಮಿ ಹಬ್ಬಕ್ಕೆ ನಾದಿನಿಯ ಅತ್ತೆ ಮನೆಯವರು ಬರುವವರಿದ್ದರು. "ಲಕ್ಷ್ಮಿಗಿಂತ ಮುಂಚೆ ಬೀಗರಿಗೆ ಇವುಗಳ ದರ್ಶನ ಆಗಬಾರದು ಕಣಮ್ಮ" ಎಂದು ಮಾವ ಟೇಪು ಹಿಡಿದರು. ಒಂದು ತಟ್ಟಿ ಮರೆ ಕಟ್ಟಿದರೆ ಮುಗಿಯಿತು. ಆದರೆ ಅವರು ಜೀವಮಾನವೆಲ್ಲ ನಕ್ಷೆ ಬರೆದು ನಿವೃತ್ತರಾದವರು. ಡಬ್ಬದ ತಲೆಗಿಂತ ಒಂದು ಗೇಣು ಎತ್ತರ, ಮುಚ್ಚಳ ಪೂರಾ ತೆರೆಯಲು ಹಿಂದೆ ಜಾಗ, ಡಬ್ಬ ಎಳೆಯಲು ಒಂದು ಕಡೆ ಬಾಯಿ, ಎಲ್ಲವೂ ಹಾಳೆಯ ಮೇಲೆ ಬಂತು. ಈ ಮನೆ ಕಟ್ಟುವಾಗ ಇಷ್ಟು ಯೋಚಿಸಿದ್ದರೆ ಅಡುಗೆಮನೆಗೆ ಇನ್ನೊಂದು ಕಿಟಕಿ ಇರುತ್ತಿತ್ತು.

ಬಂಬೂ ಬಜಾರಿಗೆ ನನ್ನನ್ನೂ ಕರೆದುಕೊಂಡು ಹೋದರು, ಚೌಕಾಸಿಗೆ. ಅಂಗಡಿಯವನು ಹೆಣೆದ ತಟ್ಟಿಯ ಜೊತೆ ನಾಲ್ಕು ಸರ್ವೆ ಮರದ ಗಳ ಕೊಟ್ಟು, "ಬುಡಕ್ಕೆ ಡಾಂಬರು ಬಳೀರಿ ಸ್ವಾಮಿ, ಇಲ್ಲಾಂದ್ರೆ ಗೆದ್ದಲು ಹಿಡೀತದೆ" ಎಂದ. ಮಾವ ಬಳಿದರು. ಗಳದ ಬುಡಕ್ಕೂ, ಗೇಟಿಗೂ, ತಮ್ಮ ಬಿಳಿ ಪಂಚೆಗೂ. ಒಂದೂವರೆ ಅಡಿ ಗುಂಡಿ ತೋಡಿ, ಗಳ ನೆಟ್ಟು, ಇಟ್ಟಿಗೆ ಚೂರು ಜಡಿದು, ನೆನೆಸಿದ ತೆಂಗಿನ ಹುರಿಯಲ್ಲಿ ತಟ್ಟಿ ಬಿಗಿದರು. ಪ್ರತಿ ಗಂಟಿಗೂ ಒಂದು ಸಿಬಿರು ಬೆರಳಿಗೆ ಹೋಗುತ್ತಿತ್ತು. ಪಿನ್ನು, ಅರಿಶಿನ ಹಿಡಿದುಕೊಂಡು ನಾನು ಪಕ್ಕದಲ್ಲೇ ಕೂತಿದ್ದೆ.

ಆಗಿನ್ನೂ ಆಷಾಢ. ಮೈಸೂರಿನ ಆಷಾಢದ ಗಾಳಿ ಯಾರ ಮಾತೂ ಕೇಳುವುದಿಲ್ಲ. ಬೆಳಗಾಗುವಷ್ಟರಲ್ಲಿ ತಟ್ಟಿ ಹುರಿ ಕಿತ್ತುಕೊಂಡು ಪಕ್ಕದ ಮನೆಯವರ ಕಾರಿನ ಮೇಲೆ ಹಪ್ಪಳ ಒಣಹಾಕಿದಂತೆ ಬಿದ್ದಿತ್ತು. ಅವರು ಒಳ್ಳೆಯವರು, ಏನೂ ಅನ್ನಲಿಲ್ಲ. ಅವತ್ತಿನಿಂದ ಕಾರನ್ನು ಮಾತ್ರ ಹಿಂದಿನ ರಸ್ತೆಯಲ್ಲಿ ನಿಲ್ಲಿಸುತ್ತಾರೆ.

"ಗಾಳಿಗೆ ದಾರಿ ಬಿಡಬೇಕಿತ್ತು" ಎಂದು ಮಾವ ತಟ್ಟಿ ಬಿಚ್ಚಿ, ಬಿದಿರ ದಬ್ಬೆಗಳನ್ನು ಬೆರಳು ಸಂದಿ ಬಿಟ್ಟು, ನೆಲದಿಂದ ಎರಡು ಅಂಗುಲ ಮೇಲಕ್ಕೆ ಮೊಳೆ ಹೊಡೆದರು. ಅದು ನಿಂತಿತು. ನೋಡಲೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಚೆನ್ನಾಗಿದ್ದದ್ದೇ ತೊಂದರೆಯಾಯಿತು. ಬರೀ ಡಬ್ಬಗಳಿದ್ದಾಗ ಯಾರೂ ಅತ್ತ ತಿರುಗಿ ನೋಡಿದ್ದಿಲ್ಲ. ಈಗ ಹೋಗಿಬರುವವರೆಲ್ಲ ಸಂದಿಯಲ್ಲಿ ಕಣ್ಣಿಡತೊಡಗಿದರು. ನಾಟಿ ಕೋಳಿ ಸಾಕಿದ್ದೀರಾ ಎಂದು ಒಬ್ಬರು, ಮೊಟ್ಟೆ ಎಷ್ಟಕ್ಕೆ ಕೊಡ್ತೀರಿ ಎಂದು ಇನ್ನೊಬ್ಬರು. ಕಸದ ಗಾಡಿಯ ಅಕ್ಕ ಮಾತ್ರ ನೋಡಲೇ ಇಲ್ಲ. ಸೀಟಿ ಊದಿಕೊಂಡು ಸೀದಾ ಮುಂದೆ ಹೋದಳು. ನಾನು ಹಸಿ ಕಸದ ಡಬ್ಬ ಎತ್ತಿಕೊಂಡು ತಿರುವಿನವರೆಗೂ ಓಡಿದೆ. "ಡಬ್ಬ ಕಾಣ್ಲಿಲ್ಲ, ಊರಿಗೆ ಹೋಗಿದ್ದೀರಿ ಅಂದ್ಕೊಂಡೆ ಕಣವ್ವಾ" ಎಂದಳು.

ಹಬ್ಬದ ದಿನ ಬೀಗಿತ್ತಿ ಆಟೋದಿಂದ ಇಳಿದವರೇ, "ಇದೇನು ಬೀಗರೇ, ಹೊಸದಾಗಿ ಬಚ್ಚಲು ಕಟ್ಟಿಸಿದಿರಾ?" ಎಂದರು. ಮಾವನಿಗೆ ಅಷ್ಟು ಸಾಕು. ಅವರನ್ನು ಮರೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಮುಚ್ಚಳ ಹೇಗೆ ಆರಾಮಾಗಿ ತೆರೆಯುತ್ತದೆ ಎಂದು ಮೂರನ್ನೂ ಒಂದೊಂದಾಗಿ ತೆಗೆದು ತೋರಿಸಿದರು. ಹಸಿ ಕಸದಲ್ಲಿ ಅವತ್ತು ಹೋಳಿಗೆಗೆ ಬಳಸಿದ ಕಾಯಿಯ ಕರಟ, ಹಿಂದಿನ ದಿನದ ಹುಳಿ. ರೇಷ್ಮೆ ಸೀರೆಯ ಸೆರಗು ಮೂಗಿಗೆ ಹೋಯಿತು. ಒಳಗೆ ಅಲಂಕಾರ ಮಾಡಿದ ಲಕ್ಷ್ಮಿ ಕಾಯುತ್ತಿದ್ದಳು.

ಮೊನ್ನೆ ಬೀದಿಯ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದರು. "ಅಂಕಲ್, ಗಣೇಶನ್ನ ಈ ಸಲ ಇಲ್ಲೇ ಕೂರಿಸ್ತೀರಾ? ಪೆಂಡಾಲು ರೆಡಿ ಇದೆಯಲ್ಲ!" ಅಲ್ಲಪ್ಪ, ಇದು ಕಸದ್ದು ಎಂದು ನಾನು ಹೇಳಿದೆ. ಹಾಗಾದರೆ ಆ ದಬ್ಬೆಯ ಚೌಕಟ್ಟುಗಳನ್ನಾದರೂ ಹಬ್ಬ ಮುಗಿಯುವವರೆಗೆ ಕೊಡಿ ಎಂದರು. ಮಾವ ಇಲ್ಲ ಅನ್ನಲಿಲ್ಲ. ನಾಲ್ಕು ಹುಡುಗರು ಹೊತ್ತುಕೊಂಡು ಹೊರಟರೆ, ಇವರು ಟೇಪು, ಡಾಂಬರಿನ ಡಬ್ಬಿ ಎರಡನ್ನೂ ಹಿಡಿದು ಹಿಂದೆ ಹೋದರು. ಗಣಪತಿಗೂ ಬೆರಳು ಸಂದಿ ಬಿಡಲೇಬೇಕಂತೆ.