ಒದ್ದೆ ಕೈ, ಇರುವೆ ಅಕ್ಷರ

ಫ್ಯಾಮಿಲಿ ಗ್ರೂಪಿಗೆ ಮತ್ತೆ ಅದೇ ಮೆಸೇಜು ಬಂದಿದೆ. ನಿಮಗೂ ಬಂದಿರುತ್ತದೆ ಬಿಡಿ. ಔಷಧಿಯಲ್ಲಿ, ಕೆಡದಿರಲಿ ಅಂತ ಹಾಕುವ ಪ್ರಿಸರ್ವೇಟಿವ್ ಎಂಬ ವಿಷ ಇದೆ, ಕೂಡಲೇ ಹತ್ತು ಜನಕ್ಕೆ ಕಳಿಸಿ. ಕಳಿಸಿದವನು ನನ್ನ ಅಳಿಯ. ಗೋಬಿ ಬಂಡಿ ಮುಂದೆ ನಿಂತು, ಪ್ಲೇಟಿಗೆ ಕೆಂಪು ಸಾಸ್ ಸುರಿದುಕೊಳ್ಳುತ್ತಾ ಕಳಿಸಿದ್ದು. ಸಾಸಿಗೆ ಹಾಕುವ ಸೋಡಿಯಂ ಬೆಂಜೊಯೇಟನ್ನೇ ಎಷ್ಟೋ ಸಿರಪ್ಪಿಗೂ ಹಾಕುತ್ತಾರೆ. ಬಂಡಿ ಮೇಲಿದ್ದರೆ ರುಚಿ, ಮೆಡಿಕಲ್ ಶಾಪಿನಲ್ಲಿದ್ದರೆ ವಿಷ!

ನಾನೂ ಸುಮ್ನೆ ಕೂರಲಿಲ್ಲ. ಬಳ್ಳಾರಿ ಧೂಳಿಗೆ ಕಣ್ಣು ಉರಿ, ಮನೆಯಲ್ಲಿ ಡ್ರಾಪ್ಸ್ ಇತ್ತು. ಲೇಬಲ್ ಓದೋಣ ಅಂತ ಹೊರಟೆ. ಇರುವೆ ಕಾಲಿನಷ್ಟು ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಕಣ್ಣು ಕಾಣದವನಿಗೆ ಮಾಡಿದ ಔಷಧಿ, ಓದಲಿಕ್ಕೆ ಮಾತ್ರ ಕಣ್ಣು ಕಾಣಬೇಕು. ಮೊಮ್ಮಗಳು ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿದಳು: ಬೆಂಜಾಲ್ಕೋನಿಯಂ ಕ್ಲೋರೈಡ್, 0.01 ಪರ್ಸೆಂಟು. ನೆಲ ಒರೆಸುವ ಕೆಲವು ದ್ರಾವಣಗಳಲ್ಲಿ ಇರುವುದೂ ಇದೇ ಮಹಾಶಯ. ಬಾಟಲಿಯೊಳಗೆ ಕ್ರಿಮಿ ಬೆಳೆಯದಂತೆ ಕಾಯುತ್ತಾನೆ. ಆದರೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯವರ ಹಾಗೆ ವರ್ಷಗಟ್ಟಲೆ ಹಾಕಿಕೊಂಡರೆ ಕೆಲವರ ಕಣ್ಣು ಒಣಗಿ ಉರಿಯುತ್ತದೆ. ಅವನಿಲ್ಲದ ಡ್ರಾಪ್ಸೂ ಸಿಗುತ್ತದೆ, ರೇಟು ಮಾತ್ರ ಜಾಸ್ತಿ.

ಕೆಳಗೆ ಇನ್ನೊಂದು ಸಾಲು: 25 ಡಿಗ್ರಿಗಿಂತ ತಂಪಾದ ಜಾಗದಲ್ಲಿ ಇಡಿ. ಮೇ ತಿಂಗಳಲ್ಲಿ, ಬಳ್ಳಾರಿಯಲ್ಲಿ! ರಾಯಚೂರಿನ ಬೀಗರಿಗೆ ಹೇಳಿದೆ, ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ನಾಡಿಗೆಲ್ಲ ಕರೆಂಟು ಕೊಡುವ ಊರು, ಮಧ್ಯಾಹ್ನ ಫ್ಯಾನ್ ನಿಂತರೆ ಕೇಳುವವರಿಲ್ಲ. ನನ್ನ ಡ್ರಾಪ್ಸು ಈಗ ನೀರಿನ ಮಡಿಕೆ ಪಕ್ಕ, ಒದ್ದೆ ಬಟ್ಟೆ ಹೊದ್ದು ಕೂತಿದೆ.

ನಮ್ಮವ್ವ ಉಪ್ಪಿನಕಾಯಿ ಜಾಡಿಗೆ ಲೇಬಲ್ ಅಂಟಿಸಿರಲಿಲ್ಲ. ಒಂದೇ ಕಾನೂನು, ಒದ್ದೆ ಕೈ ಹಾಕಬೇಡ. ಹಾಕಿದರೆ ಬೆನ್ನಿಗೆ ಗುದ್ದು. ಉಪ್ಪು, ಎಣ್ಣೆ ಎಷ್ಟೇ ಇರಲಿ, ಒದ್ದೆ ಸೌಟು ಬಿದ್ದರೆ ಬೂಜು. ಡ್ರಾಪ್ಸಿನದೂ ಅದೇ ಕಥೆ. ಮೂತಿ ರೆಪ್ಪೆಗೆ ತಾಗಿಸಬಾರದು, ಬಾಟಲಿಯ ಸೀಲ್ ಒಡೆದು ತಿಂಗಳಾದರೆ ಬಿಸಾಕಬೇಕು. ನಾವೋ, ಹೋದ ಯುಗಾದಿಯದ್ದನ್ನು ಈ ಯುಗಾದಿಗೂ ಹಾಕಿಕೊಳ್ಳುತ್ತೇವೆ.

ಪ್ರಿಸರ್ವೇಟಿವ್ ಕೊಂದದ್ದೂ ಉಂಟು. ಅಮೆರಿಕದಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ರಕ್ತನಾಳಕ್ಕೆ ಹಾಕಿದ ನಳಿಕೆ ತೊಳೆಯಲು ಬೆಂಜೈಲ್ ಆಲ್ಕೋಹಾಲ್ ಎಂಬ ಪ್ರಿಸರ್ವೇಟಿವ್ ಬೆರೆಸಿದ ಸಲೈನ್ ಬಳಸಿದರು. ಕೂಸುಗಳು ಏದುಸಿರು ಬಿಟ್ಟು ಸತ್ತವು. 1982ರಲ್ಲಿ ಅಲ್ಲಿನ ಸರ್ಕಾರ ಎಚ್ಚರಿಕೆ ಕೊಟ್ಟಿತು. ರಕ್ತಕ್ಕೆ ಹನಿಸುವ ದೊಡ್ಡ ಸಲೈನ್ ಬಾಟಲಿಗಂತೂ ಪ್ರಿಸರ್ವೇಟಿವ್ ಹಾಕುವಂತೆಯೇ ಇಲ್ಲ. ಅಷ್ಟು ನೀರಿನ ಜೊತೆ ಮೈಗೆ ಇಳಿದರೆ ಅದೇ ವಿಷ. ಅಲ್ಲಿ ಕಾಯಬೇಕಾದದ್ದು ಕಾರ್ಖಾನೆಯ ಶುಚಿ, ಲ್ಯಾಬಿನ ಪರೀಕ್ಷೆ. ಅಂದರೆ ಮನುಷ್ಯರು.

2024ರ ನವೆಂಬರಿನಲ್ಲಿ ನಮ್ಮದೇ ಊರಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಹೋದರು. ರಕ್ತಕ್ಕೆ ಹನಿಸುವ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ ಅನುಮಾನ ಬಿತ್ತು. ಆಮೇಲೆ ಸಮಿತಿ, ವರದಿ, ಪರಿಹಾರ, ಟಿವಿಯಲ್ಲಿ ಒಬ್ಬರ ಮೇಲೊಬ್ಬರು ಕೂಗಾಟ. ಹಸುಗೂಸು ಎತ್ತಿಕೊಂಡು ನಿಂತ ಅಜ್ಜಿಯರಿಗೆ ಯಾವ ಲೇಬಲ್ ಓದಿ ಹೇಳೋದು? ಇದಕ್ಕೆ ನಗಿಸೋಕೆ ನನ್ನ ಕೈಲಿ ಆಗಲ್ಲ ಕಣ್ರೀ.

ಬೆಳಗ್ಗೆ ನೋಡಿದರೆ ಮಡಿಕೆ ಪಕ್ಕ ಡ್ರಾಪ್ಸಿಲ್ಲ. ಫೋನ್ ಮಾಡಿದರೆ ಅಳಿಯ, ‘ಮಾವಾ, ನಂದೂ ಕಣ್ಣು ಕೆಂಪಾಗಿತ್ತು. ಎರಡು ಹನಿ ಹಾಕ್ಕೊಂಡು ಸಂಜೀಗೆ ತಂದು ಕೊಡ್ತೀನಿ’ ಅಂದ.