ಗೋಕರ್ಣದಲ್ಲಿ ಬೀಗ ಬೀಳುವ ಮನೆಗಳು

ಈ ಸಲ ರಜೆಗೆ ಬೆಂಗಳೂರಿಗೆ ಬಂದಿದ್ದಾಗ, ಬಸವನಗುಡಿಯ ಛತ್ರವೊಂದರಲ್ಲಿ ನಡೆದ ಉಪನಯನದ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತಿದ್ದ ನನ್ನ ಚಿಕ್ಕಮ್ಮನ ಮಗ ಗೋಕರ್ಣದ ಹತ್ತಿರ ಸೈಟು ಕೊಂಡ ಸುದ್ದಿಯನ್ನು ಬಹಳ ಸಂತೋಷದಿಂದ ಹೇಳಿದ. "ಮುಂದಿನ ಸಲ ಬಂದಾಗ ಲಾಡ್ಜ್ ಹುಡುಕಬೇಡಿ ಅಣ್ಣ, ನಮ್ಮದೇ ವಿಲ್ಲಾ ಇರುತ್ತೆ. ಗೇಟೆಡ್ ಲೇಔಟು, ಊರಿನವರ ಕಾಟ ಇಲ್ಲ" ಎಂದ. ಕರೆದದ್ದು ಪ್ರೀತಿಯಿಂದಲೇ. ಆದರೆ ಆ ಕೊನೆಯ ಮಾತು ಚುಚ್ಚಿತು. ಪಾಯಸ ಬಂದು ಹೋಯಿತು, ಕೈ ತೊಳೆದು ಎದ್ದದ್ದೂ ಆಯಿತು, ಆ ಮಾತು ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

ನಮ್ಮ ಮನೆಯವರಿಗೆ ಗೋಕರ್ಣ ಮೊದಲು ಪಿತೃಕಾರ್ಯದ ಊರು, ಆಮೇಲೆ ಸಮುದ್ರದ ಊರು. ಅಜ್ಜನ ಅಸ್ಥಿಯನ್ನು ಒಯ್ದದ್ದು ಅಲ್ಲಿಗೇ, ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದದ್ದೂ ಅಲ್ಲಿಗೇ. ರಾತ್ರಿಯಿಡೀ ಕೆಂಪು ಬಸ್ಸಿನಲ್ಲಿ ಕುಲುಕಾಡಿ ಇಳಿದರೆ ರಥಬೀದಿಯ ಭಟ್ಟರ ಮನೆಯೇ ನಮ್ಮ ಬಿಡಾರ. ಕೋಟಿತೀರ್ಥದಲ್ಲಿ ಮಿಂದು, ಮಹಾಗಣಪತಿಗೆ ಕೈಮುಗಿದು, ಆತ್ಮಲಿಂಗವನ್ನು ಮುಟ್ಟಿ ಬರುವಷ್ಟರಲ್ಲಿ ಭಟ್ಟರ ಮನೆಯಾಕೆ ಎಲೆ ಹಾಕಿರುತ್ತಿದ್ದರು. ಊಟವಾದ ಮೇಲೆ ದೊಡ್ಡವರು ಜಗಲಿಯಲ್ಲಿ ಅಡ್ಡಾದರೆ ನಾವು ಸಮುದ್ರಕ್ಕೆ ಓಡುತ್ತಿದ್ದೆವು. ಸಂಜೆ ಬೀದಿಯ ಅಂಚಿನಲ್ಲಿ ಹಾಲಕ್ಕಿ ಹೆಂಗಸರು ಗೆಣಸು, ಬಸಳೆ, ಹರಿವೆಸೊಪ್ಪಿನ ಬುಟ್ಟಿಗಳನ್ನು ಇಟ್ಟುಕೊಂಡು, ಕೊರಳ ತುಂಬ ಕರಿಮಣಿ ಸರ ಹಾಕಿಕೊಂಡು ಕುಳಿತಿರುತ್ತಿದ್ದರು. ಅಮ್ಮ ಅವರೊಂದಿಗೆ ಚೌಕಾಸಿಗೆ ಎಂದು ನಿಂತವಳು ಅವರ ಮನೆಮಕ್ಕಳ ಸುದ್ದಿಯನ್ನೆಲ್ಲ ಕೇಳಿ ತಿಳಿದುಕೊಂಡೇ ಬರುತ್ತಿದ್ದಳು. ಊರಿನವರಿಲ್ಲದ ಗೋಕರ್ಣವನ್ನು ನಾವು ಕಲ್ಪಿಸಿಕೊಂಡಿರಲೇ ಇಲ್ಲ.

ನಾನೀಗ ನೆಲೆಸಿರುವುದು ಇಂಗ್ಲೆಂಡಿನ ನೈರುತ್ಯ ಭಾಗದ ಎಕ್ಸೆಟರ್‌ನಲ್ಲಿ. ಅಲ್ಲಿಂದ ಇನ್ನೂ ಪಶ್ಚಿಮಕ್ಕೆ, ಕಾರ್ನ್‌ವಾಲ್ ಪ್ರಾಂತ್ಯದ ಕೊನೆಯ ಅಂಚಿನ ಹತ್ತಿರ, ಸೇಂಟ್ ಐವ್ಸ್ ಎಂಬ ಕಡಲ ತೀರದ ಪುಟ್ಟ ಪಟ್ಟಣವಿದೆ. ಬೆಂಗಳೂರಿಗರಿಗೆ ಗೋಕರ್ಣ ಹೇಗೋ ಅಲ್ಲಿನ ಪಟ್ಟಣಿಗರಿಗೆ ಸೇಂಟ್ ಐವ್ಸ್ ಹಾಗೆ. ಅದು ಮೂಲತಃ ಮೀನುಗಾರರ ಊರು. ನಮ್ಮ ಬೂತಾಯಿಯ ಬಳಗಕ್ಕೆ ಸೇರಿದ ಪಿಲ್ಚರ್ಡ್ ಮೀನನ್ನು ಹಿಡಿದು, ಮನೆಯ ಕೆಳ ಅಂತಸ್ತಿನಲ್ಲಿ ಉಪ್ಪು ಹಾಕಿ ಇಟ್ಟು, ಮೇಲಿನ ಅಂತಸ್ತಿನಲ್ಲಿ ಸಂಸಾರ ಮಾಡುತ್ತಿದ್ದ ಜನ. 1877ರಲ್ಲಿ ರೈಲು ಬಂತು, ಪ್ರವಾಸಿಗಳು ಬಂದರು, ಅಲ್ಲಿನ ಬೆಳಕನ್ನು ಮೆಚ್ಚಿ ಚಿತ್ರಕಾರರು ಬಂದು ನೆಲೆಸಿದರು. ಮೀನು ಕಡಿಮೆಯಾದ ಕಾಲದಲ್ಲಿ ಊರನ್ನು ಉಳಿಸಿದವರು ಈ ಹೊರಗಿನವರೇ. 1993ರಲ್ಲಿ ಟೇಟ್ ಕಲಾ ಸಂಗ್ರಹಾಲಯದ ಶಾಖೆಯೂ ಅಲ್ಲಿ ತೆರೆಯಿತು. ಆಮೇಲೆ ಲಂಡನ್ನಿನ ಹಣವಂತರು ಮೀನುಗಾರರ ಮನೆಗಳನ್ನು ಒಂದೊಂದಾಗಿ ಕೊಳ್ಳತೊಡಗಿದರು.

ಆ ಊರಿನ ಹಳೆಯ ಕೇರಿಗೆ ಡೌನ್‌ಅಲಾಂಗ್ ಎಂದು ಹೆಸರು. ಅದರ ಓಣಿಗಳಲ್ಲಿ ನಡೆದು ಹೋಗುವವರ ಕಣ್ಣಿಗೆ ಒಂದು ವಸ್ತು ಮತ್ತೆ ಮತ್ತೆ ಬೀಳುತ್ತದೆ. ಬಾಗಿಲ ಪಕ್ಕದ ಕಲ್ಲಿನ ಗೋಡೆಗೆ ಮೊಳೆ ಹೊಡೆದು ಕೂರಿಸಿದ, ಅಂಗೈಯಗಲದ ಒಂದು ಕಪ್ಪು ಡಬ್ಬಿ. ಅದರ ಮೈಮೇಲೆ ತಿರುಗಿಸುವ ಅಂಕಿಗಳು, ಒಳಗೆ ಮನೆಯ ಕೀಲಿಕೈ. ಉಪ್ಪುಗಾಳಿಗೆ ಅಂಕಿಗಳ ಬಣ್ಣ ಮಾಸಿರುತ್ತದೆ. ವಾರದ ಬಾಡಿಗೆಗೆ ಬರುವವರು ಮೊಬೈಲಿಗೆ ಬಂದ ಸಂಖ್ಯೆಯನ್ನು ತಿರುಗಿಸಿ ಕೀಲಿ ತೆಗೆದುಕೊಳ್ಳುತ್ತಾರೆ. ಹೋಗುವಾಗ ಅಲ್ಲೇ ಇಟ್ಟು ಹೋಗುತ್ತಾರೆ. ಮನೆಯ ಒಡೆಯರ ಮುಖವನ್ನು ಅವರೂ ನೋಡುವುದಿಲ್ಲ, ಆ ಓಣಿಯೂ ನೋಡುವುದಿಲ್ಲ. ಕೆಲವು ಓಣಿಗಳಲ್ಲಿ ಬಾಗಿಲಿಗೊಂದರಂತೆ ಈ ಡಬ್ಬಿ ಇದೆ. ಬಂದರಿನ ಹತ್ತಿರ ಕರಿಗಡುಬಿನ ಆಕಾರದ ಪ್ಯಾಸ್ಟಿ ಮಾರುವ ಅಂಗಡಿಯೊಂದರಲ್ಲಿ, ಆಲೂಗಡ್ಡೆ ಹೂರಣದ್ದು ಇದೆಯೇ ಎಂದು ವಿಚಾರಿಸುತ್ತ ಅಲ್ಲಿನ ನಡುವಯಸ್ಸಿನ ಹೆಂಗಸಿನೊಂದಿಗೆ ಮಾತಿಗೆ ಸಿಕ್ಕಿದೆ. ತಾನು ಹುಟ್ಟಿದ ಮನೆ ಆ ಅಂಗಡಿಯ ಹಿಂದಿನ ಓಣಿಯಲ್ಲೇ ಇದೆ, ಈಗ ತಾನು ದಿನವೂ ಹತ್ತಿರದ ಹೇಲ್ ಪಟ್ಟಣದಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ ಎಂದು ಆಕೆ ಹೇಳಿದಳು. ತನ್ನ ತಾಯಿ ತೀರಿಕೊಂಡ ಕೋಣೆಯಲ್ಲಿ ಈಗ ಪ್ರತಿ ಶನಿವಾರ ಹಾಸಿಗೆಯ ಬಟ್ಟೆ ಬದಲಾಯಿಸುತ್ತಾರೆ ಎಂದೂ ಹೇಳಿದಳು.

ಆದರೆ ಆ ಊರು ಸುಮ್ಮನೆ ಕೂರಲಿಲ್ಲ, ನನ್ನನ್ನು ಬೆರಗುಗೊಳಿಸಿದ್ದು ಅದೇ. 2011ರ ಲೆಕ್ಕದಂತೆ ಅಲ್ಲಿನ ಮನೆಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಲ್ಲಿ ಖಾಯಂ ವಾಸಿಗಳು ಇರಲಿಲ್ಲ. ಅದೇ ವರ್ಷ ಬ್ರಿಟನ್ನಿನ ಸಂಸತ್ತು ಮಾಡಿದ ಸ್ಥಳೀಯ ಆಡಳಿತದ ಕಾಯ್ದೆಯೊಂದು, ಒಂದೊಂದು ಪ್ರದೇಶದ ಜನ ತಮ್ಮ ಊರಿನ ಬೆಳವಣಿಗೆಯ ಯೋಜನೆಯನ್ನು ತಾವೇ ಬರೆದು, ಅದಕ್ಕೆ ತಾವೇ ಮತ ಹಾಕುವ ಅವಕಾಶ ಕೊಟ್ಟಿತು. ಸೇಂಟ್ ಐವ್ಸ್‌ನವರು ಯೋಜನೆ ಬರೆದರು. ಇನ್ನು ಮುಂದೆ ಊರಿನಲ್ಲಿ ಕಟ್ಟುವ ಹೊಸ ಮನೆಗಳು ಅದರಲ್ಲಿ ವರ್ಷವಿಡೀ ವಾಸಿಸುವವರಿಗೆ ಮಾತ್ರ ಎಂಬ ಷರತ್ತನ್ನು ಅದರಲ್ಲಿ ಸೇರಿಸಿದರು. 2016ರ ಮೇ 5ರಂದು ಮತದಾನ ನಡೆದು, ಮತ ಹಾಕಿದವರಲ್ಲಿ ಶೇಕಡಾ 80ಕ್ಕೂ ಹೆಚ್ಚು ಜನ ಒಪ್ಪಿಗೆ ಕೊಟ್ಟರು. ಕಟ್ಟಡ ವಿನ್ಯಾಸದ ಸಂಸ್ಥೆಯೊಂದು ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಅದೇ ವರ್ಷದ ನವೆಂಬರಿನಲ್ಲಿ ನ್ಯಾಯಾಲಯ ಊರಿನ ಪರವಾಗಿ ತೀರ್ಪು ಕೊಟ್ಟಿತು. 2025ರ ಏಪ್ರಿಲ್‌ನಿಂದ ಕಾರ್ನ್‌ವಾಲ್‌ನ ಆಡಳಿತವು ಎರಡನೆಯ ಮನೆ ಇಟ್ಟುಕೊಂಡವರಿಂದ ದುಪ್ಪಟ್ಟು ಕಂದಾಯ ವಸೂಲು ಮಾಡುತ್ತಿದೆ. ಹನ್ನೊಂದು ಸಾವಿರದ ಆಸುಪಾಸಿನ ಜನಸಂಖ್ಯೆಯ ಊರೊಂದು ರಾಜಧಾನಿಯ ಹಣಕ್ಕೆ ಎದುರು ನಿಂತು ಹೀಗೆ ಹೇಳಬಲ್ಲದು, ಹೇಳಿ ಗೆಲ್ಲಬಲ್ಲದು ಎಂಬುದನ್ನು ಬೆಂಗಳೂರಿನಲ್ಲಿ ಬೆಳೆದ ನಾನು ಊಹಿಸಿಯೂ ಇರಲಿಲ್ಲ.

ಗೋಕರ್ಣದ ಮಾತಿಗೆ ಬಂದರೆ, ಅಲ್ಲಿ ಊರು ಕೆಟ್ಟದ್ದಕ್ಕೆಲ್ಲ ಬಿಳಿಯರೇ ಕಾರಣ ಎಂದು ಬೆಂಗಳೂರಿನ ಮನೆಗಳಲ್ಲಿ ಹೇಳುವುದುಂಟು. ಗೋವಾದಲ್ಲಿ ಜಂಗುಳಿ ಹೆಚ್ಚಾದ ಮೇಲೆ ವಿದೇಶಿಯರು ಕುಡ್ಲೆ, ಓಂ ಬೀಚುಗಳ ಕಡೆಗೆ ಇಳಿದು ಬಂದದ್ದು ನಿಜ. ಗಾಂಜಾದ ವಾಸನೆಯೂ ಅದರ ಹಿಂದಿನ ಪೊಲೀಸು ಗಲಾಟೆಗಳೂ ನಿಜ. ಆದರೆ ಅವರು ಮಾಡಿದ ಬದಲಾವಣೆ ಯಾವ ಬಗೆಯದು ಎಂದು ನೋಡಬೇಕು. ತೆಂಗಿನ ತೋಟದಲ್ಲಿ ಊರಿನವರೇ ಕಟ್ಟಿದ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಇದ್ದರು, ಊರಿನವರ ಕೈಗೇ ಬಾಡಿಗೆ ಕೊಟ್ಟರು, ಊರಿನ ಸೈಕಲ್ ತುಳಿದರು, ಊರಿನ ಅಂಗಡಿಯಲ್ಲೇ ಬಾಳೆಹಣ್ಣು ಕೊಂಡರು. ಅಂಗಡಿಗಳ ಬೋರ್ಡಿನ ಮೇಲೆ ಇಸ್ರೇಲಿಗರ ಹೀಬ್ರೂ ಅಕ್ಷರಗಳು ಬಂದವು, ಆದರೆ ಅಂಗಡಿ ಗೋಕರ್ಣದವರದೇ ಆಗಿ ಉಳಿಯಿತು. ವಿದೇಶಿ ಪ್ರವಾಸಿಯೊಬ್ಬ ಇಲ್ಲಿ ಜಮೀನು ಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ. ಅನಿವಾಸಿ ಭಾರತೀಯನಾದ ನಾನೂ ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಕೊಳ್ಳಬಲ್ಲವರು ಬೆಂಗಳೂರಿನಲ್ಲಿದ್ದಾರೆ.

2020ರವರೆಗೆ ಅವರಿಗೂ ಒಂದು ಅಡ್ಡಿ ಇತ್ತು. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು, ಕೃಷಿಯೇತರ ಆದಾಯ ನಿಗದಿತ ಮಿತಿಯನ್ನು ಮೀರಿದವರು ಮತ್ತು ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದವು. ಆ ತಡೆಯನ್ನು ಸುತ್ತುಬಳಸಿ ದಾಟುವ ದಾರಿಗಳು ಎಲ್ಲರಿಗೂ ಗೊತ್ತಿದ್ದವು. ಆದರೂ ಅದೊಂದು ಬೇಲಿಯಾಗಿತ್ತು. 2020ರ ತಿದ್ದುಪಡಿ ಆ ಕಲಮುಗಳನ್ನೇ ಕಿತ್ತುಹಾಕಿತು. ರೈತನಿಗೆ ಒಳ್ಳೆಯ ಬೆಲೆ ಸಿಗಲಿ ಎಂಬುದು ಆಗ ಕೊಟ್ಟ ಕಾರಣ. ಕರಾವಳಿ ನಿಯಂತ್ರಣ ವಲಯದ ನಿಯಮ ಸಮುದ್ರದ ಅಂಚಿನಲ್ಲಿ ಕಟ್ಟುವುದಕ್ಕೆ ಮಿತಿ ಹಾಕಿರುವುದರಿಂದ ಲೇಔಟುಗಳ ಕಣ್ಣು ಈಗ ಗುಡ್ಡದ ಮೇಲಿದೆ. ಆ ಗುಡ್ಡಗಳ ಕೆಂಪುಕಲ್ಲಿನೊಳಗೆ ಇಳಿಯುವ ಮಳೆನೀರೇ ಕೆಳಗಿನ ಮನೆಗಳ ಬಾವಿಗೆ ಆಧಾರ ಎಂಬುದು ಕರಾವಳಿಯ ಮಕ್ಕಳಿಗೂ ಗೊತ್ತಿರುವ ವಿಷಯ. ಅದರ ಮೇಲೆ ಈಜುಕೊಳ ಇರುವ ವಿಲ್ಲಾ ಕಟ್ಟಿ, ವಾರಾಂತ್ಯಕ್ಕೊಮ್ಮೆ ಬಂದು, ಉಳಿದ ದಿನ ಬೀಗ ಹಾಕಿಡುವ ಯೋಜನೆಯನ್ನು ಬೆಂಗಳೂರಿನಲ್ಲಿ ಹೂಡಿಕೆ ಎಂದು ಮಾರುತ್ತಾರೆ. ಬಹುಭಾಗ ಕಾಡೇ ಇರುವ ಉತ್ತರ ಕನ್ನಡದಲ್ಲಿ ಜನರ ಕೈಯಲ್ಲಿರುವ ಜಮೀನು ಮೊದಲೇ ಕಡಿಮೆ. ಕಾಳಿ ನದಿಯ ಅಣೆಕಟ್ಟುಗಳಿಗೆ, ಕೈಗಾಕ್ಕೆ, ಸೀಬರ್ಡ್ ನೌಕಾನೆಲೆಗೆ ಎಂದು ಆ ಜಿಲ್ಲೆ ಕೊಟ್ಟಿದ್ದೂ ಕಡಿಮೆಯೇನಲ್ಲ. ಅವೆಲ್ಲ ದೇಶದ ಕೆಲಸಕ್ಕೆ ಎಂದಾದರೂ ಹೇಳಬಹುದಿತ್ತು.

ನನಗೆ ಬೇಸರವಾಗುವುದು ನಾವು ಬೆಂಗಳೂರಿನವರು ಇದನ್ನು ಒಂದು ಪ್ರಶ್ನೆ ಎಂದೇ ಭಾವಿಸದಿರುವುದಕ್ಕೆ. ಬೆಂಗಳೂರಿಗೆ ಹೊರಗಿನವರು ಬಂದು ಮನೆಬಾಡಿಗೆ ಏರಿಸಿದರು, ನಮ್ಮ ಬಡಾವಣೆಗಳು ನಮ್ಮವಾಗಿ ಉಳಿಯಲಿಲ್ಲ ಎಂದು ಮಲ್ಲೇಶ್ವರದಿಂದ ಜಯನಗರದವರೆಗೆ ಪ್ರತಿ ಮನೆಯ ಹಜಾರದಲ್ಲೂ ದುಃಖಪಡುವ ನಾವೇ, ಶುಕ್ರವಾರ ರಾತ್ರಿ ಆನಂದರಾವ್ ಸರ್ಕಲ್ಲಿನಲ್ಲಿ ಸ್ಲೀಪರ್ ಬಸ್ಸು ಹತ್ತಿ ಹೋಗಿ ಇನ್ನೊಬ್ಬರ ಊರಿನಲ್ಲಿ ಅದನ್ನೇ ಮಾಡುತ್ತೇವೆ. ನಮಗೆ ಗ್ರಾಮಸಭೆಗಳಿವೆ, 1993ರ ಪಂಚಾಯತ್ ರಾಜ್ ಕಾಯ್ದೆ ಇದೆ. ಆದರೆ ಈ ಊರಿನಲ್ಲಿ ಏಳಲಿರುವ ಮನೆಗಳು ವಾಸಕ್ಕೋ ಬೀಗಕ್ಕೋ ಎಂದು ಆ ಸಭೆಯ ಮುಂದಿಟ್ಟು, ಅಲ್ಲಿನ ಜನರ ಮಾತೇ ಕೊನೆಯದು ಎಂದು ಒಪ್ಪಿಕೊಳ್ಳುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಸೇಂಟ್ ಐವ್ಸ್‌ಗೆ ಸಿಕ್ಕ ಆ ಗೌರವ ಮಹಾಬಲೇಶ್ವರನ ಊರಿಗೆ ಯಾಕೆ ಸಿಗಬಾರದು?

ಇಷ್ಟು ಹೇಳಿದ ಮೇಲೆ ಕೆಲವು ಮಾತುಗಳನ್ನು ಒಪ್ಪಿಕೊಳ್ಳಲೇಬೇಕು. ಸೇಂಟ್ ಐವ್ಸ್‌ನ ನಿಯಮ ಹೊಸ ಮನೆಗಳಿಗೆ ಮಾತ್ರ ಅನ್ವಯಿಸುತ್ತದೆ. ಡೌನ್‌ಅಲಾಂಗ್‌ನ ಹಳೆಯ ಮನೆಗಳನ್ನು ಹಣವಂತರು ಇಂದಿಗೂ ಕೊಳ್ಳಬಹುದು, ಕೊಳ್ಳುತ್ತಲೂ ಇದ್ದಾರೆ. ಫೆಬ್ರವರಿಯ ಆರಂಭದಲ್ಲಿ ಅಲ್ಲಿ ಊರಹಬ್ಬ ನಡೆಯುತ್ತದೆ. ಮೇಯರ್ ಇಗರ್ಜಿಯ ಬಳಿಯಿಂದ ಬೆಳ್ಳಿಯ ಚೆಂಡೊಂದನ್ನು ಮಕ್ಕಳ ಗುಂಪಿಗೆ ಎಸೆಯುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಅದು ಯಾರ ಕೈಯಲ್ಲಿರುತ್ತದೋ ಅವರಿಗೆ ಬೆಳ್ಳಿಯ ನಾಣ್ಯ. ಆ ದಿನ ಹೋಗಿದ್ದಾಗ ಮಕ್ಕಳ ಗದ್ದಲ ಚೆನ್ನಾಗಿಯೇ ಇತ್ತು, ಆದರೆ ಸಂಜೆ ಹಳೆಯ ಕೇರಿಯಲ್ಲಿ ನಡೆದರೆ ಒಂದು ಓಣಿಯ ಉದ್ದಕ್ಕೂ ಬೆಳಕಿದ್ದ ಕಿಟಕಿ ಒಂದೋ ಎರಡೋ. ಅದೇ ಕಾಲಕ್ಕೆ ಗೋಕರ್ಣದಲ್ಲಿ ಶಿವರಾತ್ರಿಯ ತಯಾರಿ. ಮಹಾರಥ ಎಳೆಯುವ ಹೊತ್ತಿಗೆ ರಥಬೀದಿಯ ಯಾವ ಮನೆಯ ಮಾಳಿಗೆಯೂ ಖಾಲಿ ಇರುವುದಿಲ್ಲ, ಅಲ್ಲಿ ನಿಂತವರು ಆ ಮನೆಯವರು ಮತ್ತು ಅವರ ನೆಂಟರು. ಮಳೆಗಾಲದಲ್ಲಿ ಬೀಚಿನ ಗುಡಿಸಲುಗಳನ್ನು ಬಿಚ್ಚಿಟ್ಟು, ಪ್ರವಾಸಿಗಳೆಲ್ಲ ಹೋದ ಮೇಲೂ ಆ ಬೀದಿಯ ಬಾಗಿಲುಗಳು ತೆರೆದೇ ಇರುತ್ತವೆ. ಮತ ಹಾಕಿ ಗೆದ್ದ ಊರು ಕಳೆದುಕೊಂಡದ್ದು, ಯಾರೂ ಮಾತು ಕೇಳದ ಊರಿನಲ್ಲಿ ಇನ್ನೂ ಉಳಿದಿದೆ.

ಜಮೀನು ಮಾರುವವರು ಊರಿನವರೇ ಎಂಬುದೂ ಸುಳ್ಳಲ್ಲ. ನಾವು ಉಳಿದುಕೊಳ್ಳುತ್ತಿದ್ದ ಮನೆಯ ಭಟ್ಟರ ಮೊಮ್ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದಾನೆ. ಗುಡ್ಡದ ಬರಡು ಜಾಗ ಮಾರಿದ ಹಣದಲ್ಲಿ ತಂಗಿಯ ಓದು, ಅಪ್ಪನ ಹೃದಯದ ಶಸ್ತ್ರಚಿಕಿತ್ಸೆ ಎರಡೂ ಆದವು ಎಂದು ಫೋನಿನಲ್ಲಿ ಹೇಳಿದ. ಊರು ಬಿಟ್ಟು ಸಮುದ್ರದಾಚೆ ಹೋಗಿ ನೆಲೆಸಿದ ನಾನು ಅವನಿಗೆ ಮಾರಬಾರದಿತ್ತು ಎಂದು ಹೇಳಲಾರೆ, ಹೇಳಲೂ ಇಲ್ಲ.

ಆದರೆ ಸೇಂಟ್ ಐವ್ಸ್‌ಗೆ ಇಲ್ಲದ ಒಂದು ಅನುಕೂಲ ಗೋಕರ್ಣಕ್ಕೆ ಇದೆ. ಅಲ್ಲಿ ನಿಯಮ ಬರುವ ಹೊತ್ತಿಗೆ ಮನೆಗಳು ಕೈಬಿಟ್ಟು ಹೋಗಿದ್ದವು. ಇಲ್ಲಿ ಗುಡ್ಡದ ಮೇಲಿನ ಬಹುಪಾಲು ಮನೆಗಳು ಇನ್ನೂ ನಕ್ಷೆಯಲ್ಲಿವೆ. ಕೃಷಿಭೂಮಿ ಲೇಔಟ್ ಆಗಬೇಕಾದರೆ ಕನ್ವರ್ಷನ್ ಆಗಬೇಕು, ಅದಕ್ಕೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಆದೇಶ ಬೇಕು, ಆದೇಶದಲ್ಲಿ ಷರತ್ತುಗಳನ್ನು ಹಾಕುವ ರೂಢಿ ಮೊದಲಿನಿಂದಲೂ ಇದೆ. ಇಂತಿಷ್ಟು ಮನೆಗಳಲ್ಲಿ ವರ್ಷವಿಡೀ ವಾಸವಿರಬೇಕು, ಕಟ್ಟುವ ಮೊದಲು ಆ ಊರಿನ ಗ್ರಾಮಸಭೆಯ ಒಪ್ಪಿಗೆ ಇರಬೇಕು ಎಂಬ ಎರಡು ಸಾಲುಗಳನ್ನು ಕರಾವಳಿಯ ಮಟ್ಟಿಗಾದರೂ ಕಾನೂನಿನಲ್ಲಿ ಸೇರಿಸಲು ಹೊಸ ಇಲಾಖೆಯಾಗಲಿ ಹೊಸ ಯೋಜನೆಯಾಗಲಿ ಬೇಕಿಲ್ಲ. ವಿಧಾನಸೌಧದಲ್ಲಿ ಅದನ್ನು ಕೇಳಬೇಕಾದವರು ಉತ್ತರ ಕನ್ನಡದವರು ಮಾತ್ರ ಆಗಿರಬಾರದು. ಅವರ ಸಮುದ್ರಕ್ಕೆ ಪ್ರತಿ ವಾರ ಹೋಗಿ ಬರುವ ಬೆಂಗಳೂರಿನವರೂ ಕೇಳಬೇಕು, ಅದೂ ಗುಡ್ಡದ ಸೈಟುಗಳಿಗೆ ಪಾಯ ತೋಡುವ ಮೊದಲು.