ಅವ್ವನ ರೊಟ್ಟಿಯ ಸದ್ದು

ಅವ್ವ ಹೋಗಿ ನಾಳೆಗೆ ಮೂರು ತಿಂಗಳು. ಮಾತಾಡಿಸಲು ಬಂದವರಲ್ಲಿ ಬಹಳ ಜನ ಹೇಳಿದ್ದು ಒಂದೇ ಮಾತು, "ಎಂಥಾ ಕಂಠ ಇತ್ತು, ಯಾರಾದ್ರೂ ಕಲಿಸಿದ್ರ ದೊಡ್ಡ ಗಾಯಕಿ ಆಗ್ತಿದ್ರು." ಪ್ರೀತಿಯಿಂದ ಹೇಳಿದ್ದು, ಗೊತ್ತು. ಆದರೆ ನನಗೆ ಆ ಮಾತು ಒಪ್ಪಿಗೆ ಇಲ್ಲ. ಅವ್ವ ಕಲಿತಿದ್ದಳು. ತನ್ನ ಅವ್ವನಿಂದ, ಅತ್ತೆಯಿಂದ, ಓಣಿಯ ಹಿರಿಯ ಹೆಂಗಸರಿಂದ, ಸಣ್ಣ ಹುಡುಗಿ ಇದ್ದಾಗಿನಿಂದ ಕಲಿತಳು. ಅದನ್ನು ನಾವು ಯಾರೂ ಕಲಿಕೆ ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೇ.

ನಮ್ಮದು ರಾಯಚೂರು. ಕನ್ನಡದಲ್ಲಿ ದೇವರ ಪದ ಕಟ್ಟಿ ಹಾಡಿದ ಹರಿದಾಸರಲ್ಲಿ ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಬ್ಯಾಗವಾಟ, ಎಲ್ಲಾ ಈ ಜಿಲ್ಲೆಯೊಳಗೇ ಇವೆ. ಅವ್ವ ಇವರ ಸುದ್ದಿ ಹೇಳುವಾಗ ತವರುಮನೆಯ ಹಿರಿಯರ ಸುದ್ದಿ ಹೇಳಿದಂತೆ ಇರುತ್ತಿತ್ತು. ಜಗನ್ನಾಥದಾಸರು ಅವಳಿಗೆ ಯಾವಾಗಲೂ "ನಮ್ಮ ಮಾನ್ವಿ ದಾಸರು".

ಅವರ ಕಾವ್ಯ ಹರಿಕಥಾಮೃತಸಾರ ಇರುವುದು ಭಾಮಿನಿ ಷಟ್ಪದಿಯಲ್ಲಿ, ಅಂದರೆ ಆರು ಸಾಲಿನ ಪದ್ಯಗಳಲ್ಲಿ. ಹೈಸ್ಕೂಲಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿಕೊಟ್ಟಿದ್ದರು, ಮೂರು ಮಾತ್ರೆ ನಾಲ್ಕು ಮಾತ್ರೆ, ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ, ಮೂರನೆಯದೂ ಆರನೆಯದೂ ಉದ್ದ ಅಂತ. ನನ್ನ ತಲೆಗೆ ಹತ್ತಲೇ ಇಲ್ಲ. ಮನೆಗೆ ಬಂದು ಅಳುತ್ತಾ ಕೂತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ತಿರುಗಿ ನೋಡಲಿಲ್ಲ, "ಸುಮ್ನೆ ಕೇಳು" ಅಂದಳು. ಕೈ ಹಿಟ್ಟಿನ ಮೇಲೆ ಪಟಪಟ ಪಟಪಟಾ ಅಂತ ಬೀಳುತ್ತಿತ್ತು, ಮೂರು ಏಟು, ನಾಲ್ಕು ಏಟು, ಅದರ ಮೇಲೆ ಒಂದು ಪದ್ಯ ಹೇಳಿದಳು. ಉದ್ದನೆಯ ಸಾಲು ಬಂದಾಗ ರೊಟ್ಟಿಯನ್ನು ಒಂದು ಸುತ್ತು ಜಾಸ್ತಿ ತಿರುಗಿಸಿ, ಸಾಲಿನ ಕೊನೆಯ ಗುರು ಅಕ್ಷರಕ್ಕೆ, ಅಂದರೆ ಎಳೆದು ಹೇಳುವ ಅಕ್ಷರಕ್ಕೆ, ಎತ್ತಿ ಹಂಚಿಗೆ ಹಾಕಿದಳು. ಆವತ್ತಿನಿಂದ ನನಗೆ ಭಾಮಿನಿ ಯಾರೂ ಹೇಳಿಕೊಡುವುದು ಬೇಕಾಗಲಿಲ್ಲ.

ಗುರುಲಘು ಅನ್ನುವ ಮಾತು ಅವಳು ಯಾವತ್ತೂ ಆಡಿದವಳಲ್ಲ. ಬೆಳಗ್ಗೆ ಉದಯರಾಗ, ಮಡಿಯಲ್ಲಿ ಅಡುಗೆ ಮಾಡುವಾಗ ಒಂದಿಷ್ಟು ಪದ, ತುಳಸಿಗೆ ನೀರು ಹಾಕುವಾಗ ತಾವೇ ಪದ ಕಟ್ಟಿದ ಹರಪನಹಳ್ಳಿ ಭೀಮವ್ವನವರದು, ಮದುವೆಮನೆಗಳಲ್ಲಿ ಹಸೆ ಹಾಡು, ಆರತಿ ಹಾಡು. ರೇಡಿಯೋದಲ್ಲಿ ಭೀಮಸೇನ ಜೋಶಿಯವರ ದಾಸವಾಣಿ ಬಂದರೆ ಕೆಲಸ ಬಿಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದಳು. ಮರುದಿನ ಅದೇ ಪದವನ್ನು ತನ್ನ ಹಳೆಯ ಧಾಟಿಯಲ್ಲೇ ಹಾಡುತ್ತಿದ್ದಳು. ಯಾಕವ್ವಾ ಅಂದರೆ, "ಅದು ಸಭಾಕ್ಕ, ಇದು ದೇವರಿಗೆ."

ಮೊಮ್ಮಕ್ಕಳಿಗೆ ದಿನಾ ಬೇಕಾಗಿದ್ದು ಹೊಟ್ಟೆನೋವಿನ ಕಥೆ. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರು, ದೊಡ್ಡ ಸಂಸ್ಕೃತ ಪಂಡಿತರು. ಕನ್ನಡ ಪದ ಹಾಡುವ ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವು ಅಂತ ನೆಪ ಹೇಳಿದರು, ಮುಂದೆ ಹೊಟ್ಟೆನೋವು ನಿಜವಾಗಿಯೂ ಬಂತು. ಕೊನೆಗೆ ಗೋಪಾಲದಾಸರು ಜೋಳದ ರೊಟ್ಟಿ ತಿನ್ನಿಸಿ ವಾಸಿ ಮಾಡಿ, ತಮ್ಮ ಆಯುಷ್ಯದಲ್ಲೇ 40 ವರ್ಷ ಕೊಟ್ಟರು. ಒಂದು ಸಲ ನನ್ನ ಮಗ ಕೇಳಿದ, "ಅಜ್ಜೀ, ಅಷ್ಟು ಕೊಟ್ಟಮೇಲೆ ಅವರಿಗೆ ಎಷ್ಟು ಉಳೀತು?" ಅವ್ವ ಅವನ ತಲೆ ಸವರಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಲೆಕ್ಕಾ ಹಾಕಿದ್ರ ಅವ್ರು ಕೊಡ್ತಿದ್ದಿಲ್ಲಪ್ಪಾ."

ಒಂದು ನೋವು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಆರಾಧನೆಯ ಕಾರ್ಯಕ್ರಮದಲ್ಲಿ ಅವ್ವ ಮತ್ತು ಅವಳ ಭಜನಾ ಮಂಡಳಿಯವರು ಹಾಡಬೇಕಿತ್ತು. ಹೊಸ ಸೀರೆ ಉಟ್ಟು, ತಾಳ ಹಿಡಿದು, ಸಂಜೆ ನಾಲ್ಕರಿಂದ ಕಾದರು. ಹೊರಗಿನಿಂದ ಬಂದ ಕಲಾವಿದರದು ಮುಗಿದಾಗ ರಾತ್ರಿ ಒಂಬತ್ತಾಗಿತ್ತು. ವ್ಯವಸ್ಥೆ ನೋಡಿಕೊಳ್ಳುವವರು ಬಂದು, "ಮನೆ ಹೆಂಗಸರ ಹಾಡು, ಮುಂದಿನ ವರ್ಷ ನೋಡೋಣ" ಅಂದುಬಿಟ್ಟರು. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಅವ್ವ ಏನೂ ಅನ್ನಲಿಲ್ಲ. ಮನೆಗೆ ಬಂದು ಕಾಲು ತೊಳೆದು, ತುಳಸಿಕಟ್ಟೆಯ ಮುಂದೆ ಆ ಎಲ್ಲಾ ಪದಗಳನ್ನೂ ಒಂದೊಂದಾಗಿ ಹಾಡಿದಳು. ಮಂಡಳಿಯ ಇಬ್ಬರು ನಮ್ಮ ಜೊತೆಗೇ ಬಂದಿದ್ದರು, ಅವರೂ ಕೂತು ದನಿ ಕೂಡಿಸಿದರು.

ದಾಸರ ಪದಗಳು ಇವತ್ತಿಗೆ ಉಳಿದಿದ್ದರಲ್ಲಿ ಇಂಥ ಹೆಂಗಸರ ಪಾಲು ದೊಡ್ಡದು ಅಂತ ನಾನು ನಂಬುತ್ತೇನೆ. ಓದಲು ಬರೆಯಲು ಬಾರದವರೂ ನೂರಾರು ಪದ ಬಾಯಲ್ಲಿ ಇಟ್ಟುಕೊಂಡಿದ್ದರು. ಅವರನ್ನು ಹಾಡುಗಾರರು ಅನ್ನಲು ನಮಗೆ ಯಾಕೆ ಇಷ್ಟು ಕಷ್ಟ? ಗಂಡಸರು ಸಭೆಯಲ್ಲಿ ಹಾಡಿದರೆ ಸಂಗೀತ, ಇವರು ಒಲೆಯ ಮುಂದೆ ಹಾಡಿದರೆ ಬರೀ ಭಕ್ತಿ, ಅಲ್ವಾ?

ಅವ್ವನ ಪದಗಳ ವಹಿ ನನ್ನ ಹತ್ತಿರ ಇದೆ. ಎಣ್ಣೆ ಕಲೆ, ಅರಿಶಿನದ ಬೆರಳಚ್ಚು, ಪುಟಗಳು ಬಿಟ್ಟುಕೊಂಡಿವೆ. ಎರಡು ವರ್ಷದ ಹಿಂದೆ ಅದನ್ನೆಲ್ಲಾ ಹೊಸ ಪುಸ್ತಕಕ್ಕೆ ಇಳಿಸಿ ಹೆಮ್ಮೆಯಿಂದ ತೋರಿಸಿದ್ದೆ. ನೋಡಿ ಖುಷಿಪಟ್ಟಳು, ಆಮೇಲೆ ಕೇಳಿದಳು, "ಪದಾ ಬರಕೊಂಡಿ, ಧಾಟಿ ಎಲ್ಲಿ ಬರಕೊಂಡಿ?" ಆಗಿನಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಶುರು ಮಾಡಿದೆ, ಅದೂ ಬಿಡುವಾದಾಗ, ನೆನಪಾದಾಗ. 31 ಆದವು. ವಹಿಯಲ್ಲಿ 140ಕ್ಕಿಂತ ಜಾಸ್ತಿ ಇವೆ.

ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆಯ ಮನೆಗಳಲ್ಲಿ ಈ ಹಳೆಯ ಧಾಟಿ ಬಲ್ಲ ಅಜ್ಜಿಯರು, ಅತ್ತೆಯಂದಿರು ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ತಿಳಿಸಿ, ವಹಿ ತೆಗೆದುಕೊಂಡು ನಾನೇ ಬರುತ್ತೇನೆ. ಅಥವಾ ಅವರು ಹಾಡಿದ್ದನ್ನು ರೆಕಾರ್ಡ್ ಮಾಡಿ ಕಳಿಸಿ. ಹಿಂದೆ ಕುಕ್ಕರ್ ಕೂಗಿದರೂ, ಮೊಮ್ಮಕ್ಕಳು ಗಲಾಟೆ ಮಾಡಿದರೂ ಪರವಾಗಿಲ್ಲ. ರೊಟ್ಟಿ ಬಡಿಯುತ್ತಾ ಹಾಡಿದ್ದಾದರೆ ಇನ್ನೂ ಒಳ್ಳೆಯದು.